ಉದರನೃತ್ಯವೂ ದೇಹಮನಗಳ ಸ್ವಾಸ್ಥ್ಯವೂ

ಉದರನೃತ್ಯವೆಂಬ ಹೆಸರನ್ನು ಕೇಳಿದೊಡನೆ ಗೃಹಸ್ಥರನೇಕರು ಹುಬ್ಬು ಗಂಟಿಕ್ಕುವರು. ಚಲಚ್ಚಿತ್ರಗಳಲ್ಲಿ ಕಂಡ ಥಳಕಿನ ಉಡುಗೆಯೊಂದೇ ಅವರ ಕಣ್ಣಿಗೆ ಕಟ್ಟುವುದು. ಆದರೆ ಈ ಹೆಸರು ಪಾಶ್ಚಾತ್ಯರು ಇಟ್ಟುದು. ಈಜಿಪ್ತಿನವರು ರಂಗದ ಮೇಲಣ ಕುಣಿತವನ್ನು 'ರಕ್ಸ್ ಶರ್ಕಿ' ಅಥವಾ ಪೂರ್ವದೇಶದ ನೃತ್ಯವೆಂದೂ, ಜನಸಾಮಾನ್ಯರ ಕುಣಿತವನ್ನು 'ರಕ್ಸ್ ಬಲದಿ' ಅಥವಾ ನಾಡಿನ ನೃತ್ಯವೆಂದೂ ಕರೆಯುವರು. 1926ರಲ್ಲಿ ಬದಿಯಾ ಮಸಾಬ್ನಿ ಎಂಬಾಕೆ ಕೈರೋ ನಗರದಲ್ಲಿ ತೆರೆದ ರಂಗಶಾಲೆಯಿಂದ ಮೊದಲನೆಯದಕ್ಕೆ ಪ್ರಸಿದ್ಧಿಯುಂಟಾಯಿತು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಮೊದಲಾದವರು ಅಲ್ಲಿ ಕುಣಿದು ಹೆಸರಾದರು. ಎರಡನೆಯದು ಮನೆಗಳಲ್ಲಿಯೇ ಉಳಿದಿದೆ. ಮದುವೆಯ ಹಿಂದಿನ ರಾತ್ರಿ ವಧುವಿಗೆ ಮದರಂಗಿ ಹಚ್ಚುವಾಗ ಹೆಂಗಸರು ತಮ್ಮತಮ್ಮಲ್ಲಿಯೇ ಕುಣಿಯುವರು.

ನಾವು ಕೈರೋದಲ್ಲಿ ಸಂಸಾರ ಹೂಡಿದ್ದಾಗ ಊರಿನಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ಕೊನೆಗಾಲದಲ್ಲಿ ಅವರ ಮುಖವನ್ನು ನೋಡುವ ಭಾಗ್ಯವು ನಮಗೆ ಲಭಿಸಲಿಲ್ಲ. ವರುಷದ ಕಾರ್ಯವು ಮುಗಿದರೂ ದುಃಖವು ಮುಗಿಯಲಿಲ್ಲ. ನಿದ್ರೆಯು ದೂರವಾಯಿತು, ಬೆನ್ನು ಮರದ ಹಲಗೆಯಂತೆ ಬಿಗಿದುಕೊಂಡಿತು. ನೆರೆಮನೆಯಲ್ಲಿ ಒಬ್ಬ ವೃದ್ಧೆಯಿದ್ದರು. ಮಕ್ಕಳೆಲ್ಲರೂ ಅವರನ್ನು 'ತೇತಾ', ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಅವರು ನಮಗೆ ಸಮಾಧಾನದ ಮಾತನ್ನೇನೂ ಹೇಳಲಿಲ್ಲ. ಮೊಮ್ಮಗಳ ಮದರಂಗಿಯ ರಾತ್ರಿ ನಮ್ಮ ಸೊಂಟಕ್ಕೊಂದು ವಸ್ತ್ರವನ್ನು ಬಿಗಿದು, "ಮಂಡಿಯನ್ನು ಸಡಿಲಿಸು ಮಗಳೇ, ಉಸಿರು ಬಿಡು" ಎಂದರು.

ಈ ಕುಣಿತದಲ್ಲಿ ನೆಗೆತವು ಬಹಳವಿಲ್ಲ. ಪಾದಗಳು ನೆಲದಲ್ಲಿ ಊರಿರುವುವು. ಎದೆಯು ಅಲುಗದಿರಲು ಸೊಂಟವೊಂದೇ 8ರ ಆಕಾರದಲ್ಲಿ ಸುಳಿಯುವುದು. ಹೊಟ್ಟೆ, ಬೆನ್ನು, ಸೊಂಟಗಳ ಒಳಗಣ ಸ್ನಾಯುಗಳೆಲ್ಲವೂ ಇದರಿಂದ ದುಡಿಯುವುವು. ಉಸಿರನ್ನು ಬಿಗಿಹಿಡಿದವರಿಗೆ ಇದು ಸಾಧ್ಯವಾಗದು. ಶೋಕದಲ್ಲಿರುವವರಾದರೋ ತಮಗರಿವಿಲ್ಲದೆಯೇ ಉಸಿರನ್ನು ಬಿಗಿಹಿಡಿದಿರುವರು. ಕಿವಿಯು ತಬ್ಲೆಯೆಂಬ ಅವರ ವಾದ್ಯದ ಪೆಟ್ಟನ್ನು ಅನುಸರಿಸುತ್ತಿರುವಾಗ ಮನಸ್ಸಿಗೆ ಹಳೆಯ ಚಿಂತೆಯನ್ನು ತಿರುವಿಹಾಕಲು ಬಿಡುವಿರದು. ಅಂದು ನಾವು ಕುಣಿಯುತ್ತಲೇ ಅತ್ತೆವು. ಯಾರೂ ಬೆರಗಾಗಲಿಲ್ಲ, ಯಾರೂ ತಡೆಯಲಿಲ್ಲ. ಮನೆಗೆ ಬಂದು ಬೆಳಗಿನವರೆಗೂ ನಿದ್ರಿಸಿದೆವು. ಆ ಬಳಿಕ ಪ್ರತಿ ಗುರುವಾರವೂ ತೇತಾರವರ ಮನೆಗೆ ಹೋಗತೊಡಗಿದೆವು. ಕೆಲವು ತಿಂಗಳಲ್ಲಿ ಬೆನ್ನಿನ ಬಿಗಿತವು ಕಡಮೆಯಾಯಿತು.

ಇದು ಸರ್ವರೋಗಗಳಿಗೂ ಮದ್ದೆಂದು ನಾವು ಹೇಳುವುದಿಲ್ಲ. ಗರ್ಭಿಣಿಯರೂ, ಬೆನ್ನು ಮಂಡಿಗಳಲ್ಲಿ ನೋವುಳ್ಳವರೂ ಮೊದಲು ವೈದ್ಯರ ಸಲಹೆಯನ್ನು ಪಡೆಯತಕ್ಕುದು. ಆದರೆ ದಿನವೆಲ್ಲ ಮನೆಮಂದಿಗಾಗಿ ದುಡಿಯುವ ಶರೀರಕ್ಕೆ ತನ್ನದೇ ಆದ ಸಂತೋಷವೊಂದು ಬೇಡವೆ? ತೇತಾರವರ ಕೋಣೆಯಲ್ಲಿ ಕನ್ನಡಿಯಿರಲಿಲ್ಲ. ಅಲ್ಲಿ ಯಾರೂ ಯಾರ ಕಣ್ಣಿಗಾಗಿಯೂ ಕುಣಿಯುತ್ತಿರಲಿಲ್ಲ. ಸೋದರಿಯರು ತಮ್ಮ ಮನೆಗಳಲ್ಲಿ ಕೋಲಾಟವನ್ನಾಡಲಿ, ಈ ಕುಣಿತವನ್ನೇ ಕಲಿಯಲಿ, ವಾರಕ್ಕೊಮ್ಮೆಯಾದರೂ ಒಟ್ಟುಗೂಡಲಿ. ಮನೆಯ ಹಿರಿಯ ಹೆಂಗಸರನ್ನು ಮರೆಯದೆ ಕರೆಯಲಿ.