ಶುಕ್ರಾಚಾರ್ಯರ ಮನೆಗೆ ಬಂದ ಶಿಷ್ಯ

ಆಷಾಢದ ಸಂಜೆ. ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿ ಕೂತಿದ್ದೀರಿ. ಕಿಟಕಿಯ ಗಾಜು ಪೂರ್ತಿ ಮುಚ್ಚುವುದಿಲ್ಲ, ಎಡತೋಳು ಆಗಲೇ ನೆನೆದಿದೆ. ಪಕ್ಕದ ಸೀಟಿನ ಹಿರಿಯರು ಒದ್ದೆ ಕೊಡೆಯನ್ನು ಮೊಣಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಕಾರ್ಖಾನೆಯ ಕಡೆ ನೋಡುತ್ತಿದ್ದಾರೆ. ಕುಲುಮೆಯ ಮುಂದೆ ನಿಂತು ದುಡಿದು ನಿವೃತ್ತರಾದವರು. 1923ರಲ್ಲಿ ಇಲ್ಲಿ ಮೊದಲ ಸಲ ಕಬ್ಬಿಣ ಕರಗಿ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಅದನ್ನು ಕರಗಿಸುವ ಇದ್ದಿಲು ಮಲೆನಾಡಿನ ಕಾಡಿನಿಂದ. ಅದಕ್ಕೂ ಎಷ್ಟೋ ಮುಂಚೆ ಈ ಊರಿಗೆ ಬೆಂಕಿಪುರ ಎಂಬ ಹೆಸರಿತ್ತು.

“ಎಲ್ಲಿಗೆ?” ಎಂದು ಕೇಳುತ್ತಾರೆ. ತಾಳಮದ್ದಳೆಗೆ ಎನ್ನುತ್ತೀರಿ.

“ಹಂಗಾದ್ರೆ ಒಂದೇ ಕಡೆಗೆ ಬಿಡಿ. ಕಚ-ದೇವಯಾನಿ. ಕಚ ಯಾರಾದ್ರೂ ಆಗ್ಬಹುದು ಮಾರಾಯ್ರೆ, ದೇವಯಾನಿ ಗಟ್ಟಿ ಇರ್ಬೇಕು. ನಾನು ದೇವಯಾನಿ ಅರ್ಥ ಯಾರ್ದು ಅಂತ ಕೇಳ್ಕಂಡೇ ಹೊರಟಿದ್ದು.”

ಮಾಚೇನಹಳ್ಳಿ ದಾಟುವಾಗ ಮಳೆ ಜೋರಾಗುತ್ತದೆ. ಮಲವಗೊಪ್ಪದ ಹೊತ್ತಿಗೆ ದೀಪ ಹತ್ತಿವೆ. ಶಿವಮೊಗ್ಗದ ಸೇತುವೆಗೆ ಬಂದಾಗ ಬಸ್ಸಿನ ಅರ್ಧ ಜನ ಒಂದೇ ಕಡೆಗೆ ಬಾಗಿ ತುಂಗೆಯನ್ನು ನೋಡುತ್ತಾರೆ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದೆಯೋ ಇಲ್ಲವೋ ಎಂಬುದೇ ಈ ಊರಿಗೆ ಮಳೆಯ ಅಳತೆ. ಕತ್ತಲಲ್ಲಿ ಕಾಣುವುದಿಲ್ಲ, ಆದರೂ ಎಲ್ಲರೂ ಬಾಗುತ್ತಾರೆ.

ಸಭಾಭವನದ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಒದ್ದೆ ಬಟ್ಟೆಯ ವಾಸನೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಗೆಜ್ಜೆ, ಕಿರೀಟ ಪೆಟ್ಟಿಗೆಯೊಳಗೆ. ಆಗ ಉಳಿಯುವುದು ಮಾತು. ವೇದಿಕೆಯ ನಡುವೆ ಭಾಗವತರು, ಪಕ್ಕದಲ್ಲಿ ಮದ್ದಳೆ, ಚೆಂಡೆ. ಎರಡು ಕಡೆಗೆ ಎದುರುಬದುರಾಗಿ ಪಂಚೆ, ಶಾಲಿನ ಅರ್ಥಧಾರಿಗಳು. ಬಣ್ಣವಿಲ್ಲ, ಕುಣಿತವಿಲ್ಲ. ದೇವಯಾನಿಯಾಗಿ ಕೂತವರಿಗೆ ಅರವತ್ತರ ಮೇಲಿರಬೇಕು, ಕಪ್ಪು ಚೌಕಟ್ಟಿನ ಕನ್ನಡಕ, ಕೈಯಲ್ಲಿ ಮಡಚಿದ ಕರವಸ್ತ್ರ. ಗಣಪತಿ ಸ್ತುತಿ ಮುಗಿಯುವವರೆಗೆ ಅವರು ಕಣ್ಣು ಮುಚ್ಚಿಕೊಂಡೇ ಇದ್ದಾರೆ.

ಮೊದಲ ಪದ್ಯಗಳು ದೇವಲೋಕದವು. ಮೂರು ಲೋಕದ ಒಡೆತನಕ್ಕಾಗಿ ದೇವತೆಗಳಿಗೂ ಅಸುರರಿಗೂ ಯುದ್ಧ ನಡೆದಿದೆ. ಸತ್ತ ಅಸುರರನ್ನು ಅವರ ಗುರು ಶುಕ್ರಾಚಾರ್ಯರು ಮೃತಸಂಜೀವಿನಿಯಿಂದ ಎಬ್ಬಿಸುತ್ತಾರೆ. ದೇವಗುರು ಬೃಹಸ್ಪತಿಗೆ ಆ ವಿದ್ಯೆ ಗೊತ್ತಿಲ್ಲ. ಆಗ ದೇವತೆಗಳು ಅವನ ಹಿರಿಯ ಮಗ ಕಚನ ಬಳಿಗೆ ಬಂದು ಬೇಡುತ್ತಾರೆ: ಅಸುರರಾಜ ವೃಷಪರ್ವನ ಪಟ್ಟಣಕ್ಕೆ ಹೋಗು, ಶುಕ್ರರ ಶಿಷ್ಯನಾಗು, ಅವರ ಮುದ್ದಿನ ಮಗಳು ದೇವಯಾನಿಯನ್ನು ಒಲಿಸಿಕೋ, ಅವಳು ಒಲಿದರೆ ವಿದ್ಯೆ ಸಿಕ್ಕಿತೆಂದೇ ತಿಳಿ. ಮಹಾಭಾರತದ ಆದಿಪರ್ವ ಇದನ್ನು ಮುಚ್ಚಿಡುವುದಿಲ್ಲ. ಹುಡುಗಿಯ ಮನಸ್ಸು ಗೆಲ್ಲುವುದು ಅಪ್ಪಣೆಯ ಒಳಗೇ ಇದೆ. ಹಾಗಾಗಿ ಮುಂದೆ ಕಚ ನಕ್ಕಾಗಲೆಲ್ಲ, ಹೂ ತಂದಾಗಲೆಲ್ಲ ಸಭೆಯಲ್ಲಿ ಕೂತವರಿಗೆ ಒಂದೇ ಸಂಶಯ: ಇದು ಅವನದೋ, ಇಂದ್ರನದೋ?

ಕಚನ ಅರ್ಥಧಾರಿ ಹರೆಯದವರು, ಓದಿದವರು. ಪೀಠಿಕೆಯಲ್ಲೇ ಕೌಟಿಲ್ಯನನ್ನು ಎಳೆದು ತರುತ್ತಾರೆ. ಅರ್ಥಶಾಸ್ತ್ರದ ಓಲೆ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ, 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾಯಿತು. ಅದರ ಗೂಢಚಾರರ ಪಟ್ಟಿಯಲ್ಲಿ ಮೊದಲ ಹೆಸರೇ ಕಾಪಟಿಕ, ಅಂದರೆ ಶಿಷ್ಯನ ವೇಷದ ಬೇಹುಗಾರ. ಎರಡು ಕಡೆಯ ಸಂಬಳ ತಿನ್ನುವ ಉಭಯವೇತನರ ಮಾತೂ ಅಲ್ಲಿದೆ. ಅಂಥವರನ್ನು ಕಳಿಸುವಾಗ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿ ಇಟ್ಟುಕೊಂಡಿರಬೇಕಂತೆ. “ನನ್ನ ತಂದೆ ಸ್ವರ್ಗದಲ್ಲೇ ಇದ್ದಾರೆ,” ಎನ್ನುತ್ತಾನೆ ಕಚ, “ನಾನು ಹಿಂದಿರುಗಲೇಬೇಕು.” ಪಕ್ಕದ ಹಿರಿಯರು ತಲೆದೂಗುತ್ತಾರೆ.

ಇನ್ನು ಸಭಾಭವನ ಮರೆಯಿರಿ. ಆಶ್ರಮದ ಅಂಗಳದಲ್ಲಿದ್ದೀರಿ.

ಶುಕ್ರರ ಮುಂದೆ ಹುಡುಗ ನಿಂತಿದ್ದಾನೆ. ವೇಷ ಮರೆಸಿಲ್ಲ, ಹೆಸರು ಬದಲಿಸಿಲ್ಲ. ಅಂಗಿರಸನ ಮೊಮ್ಮಗ, ಬೃಹಸ್ಪತಿಯ ಮಗ, ಕಚ. ಸಾವಿರ ವರ್ಷ ನಿಮ್ಮಲ್ಲಿ ಬ್ರಹ್ಮಚರ್ಯ ನಡೆಸಲು ಅಪ್ಪಣೆಯಾಗಬೇಕು. ಹೇಳಿದ್ದೆಲ್ಲ ನಿಜ, ಹೇಳದೆ ಬಿಟ್ಟದ್ದು ಒಂದೇ. ಶುಕ್ರರು ಅವನನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಶತ್ರುವಿನ ಮಗನೆಂದು ಗೊತ್ತು, ಯಾಕೆ ಬಂದನೆಂಬುದೂ ಹೊಳೆಯದೆ ಇರಲಾರದು. ಆದರೂ, ನಿನ್ನನ್ನು ಆದರಿಸಿದರೆ ಬೃಹಸ್ಪತಿಯನ್ನೇ ಆದರಿಸಿದಂತೆ ಎಂದು ಒಳಗೆ ಕರೆಯುತ್ತಾರೆ. ಬಾಗಿಲ ಹಿಂದೆ ನಿಂತವಳು ದೇವಯಾನಿ.

ದಿನಗಳು ಹೋಗುತ್ತವೆ. ಕಚ ಹಾಡುತ್ತಾನೆ, ಕುಣಿಯುತ್ತಾನೆ, ವಾದ್ಯ ನುಡಿಸುತ್ತಾನೆ, ಕಾಡಿನಿಂದ ಹೂ ಹಣ್ಣು ತರುತ್ತಾನೆ. ಅವಳೂ ಅವನೊಡನೆ ಹಾಡುತ್ತಾಳೆ. ಐನೂರು ವರ್ಷ. ಕನ್ನಡಕದ ದೇವಯಾನಿ ಈ ಐನೂರು ವರ್ಷಕ್ಕೆ ಕೊಡುವುದು ಎರಡೇ ಮಾತು: “ಅವನು ದನ ಹೊಡೆದುಕೊಂಡು ಬರುವ ದಾರಿ ನನಗೆ ಗೊತ್ತಿತ್ತು. ಬರುವ ಹೊತ್ತೂ ಗೊತ್ತಿತ್ತು.”

ಒಂದು ಸಂಜೆ ದನಗಳಷ್ಟೇ ಬರುತ್ತವೆ. ಗೊರಸಿನ ಧೂಳು ತಣ್ಣಗಾದರೂ ಹಿಂದೆ ಯಾರೂ ಇಲ್ಲ. “ಅಪ್ಪ, ಅಗ್ನಿಹೋತ್ರವಾಯಿತು, ಸೂರ್ಯ ಮುಳುಗಿದ, ಕಾಯುವವನಿಲ್ಲದೆ ದನ ಬಂದವು. ಕಚ ಎಲ್ಲಿ?” ದಾನವರು ಅವನನ್ನು ಕೊಂದು, ಕೊಚ್ಚಿ, ತೋಳಗಳಿಗೆ ಹಾಕಿದ್ದಾರೆ. ಶುಕ್ರರು ವಿದ್ಯೆಯಿಂದ ಕರೆದಾಗ ತೋಳಗಳ ಮೈ ಸೀಳಿಕೊಂಡು ಬಂದು ನಿಲ್ಲುತ್ತಾನೆ. ಎರಡನೆಯ ಸಲ ಹೂವಿಗೆಂದು ಕಾಡಿಗೆ ಹೋದವನು ಬರುವುದಿಲ್ಲ. ಮತ್ತೆ ಮಗಳ ಕಣ್ಣೀರು, ಮತ್ತೆ ಸಂಜೀವಿನಿ.

ಇಲ್ಲಿ ಮದ್ದಳೆ ನಿಂತಾಗ ನನಗೆ ಯಾವಾಗಲೂ ಅನ್ನಿಸುವುದು ಇದು. ಈ ಕತೆಯಲ್ಲಿ ಪಕ್ಷ ಬಿಟ್ಟವಳು ದೇವಯಾನಿ. ಕಚ ಬಂದ ದಿನವೂ ದೇವತೆಗಳವನು, ಹೋದ ದಿನವೂ ಅವರವನೇ. ಅಸುರರ ಅನ್ನ ತಿಂದು, ಅಸುರಗುರುವಿನ ಮಗಳಾಗಿ, ಅಸುರರು ಕೊಂದ ಶತ್ರುವನ್ನು ಮೂರು ಸಲ ಬದುಕಿಸಿಕೊಂಡವಳು ಅವಳು. ಯಾರೂ ಅವಳಿಗೆ ಸಂಬಳ ಕೊಟ್ಟಿರಲಿಲ್ಲ.

ಮೂರನೆಯ ಸಲ ದಾನವರು ಮೈಮರೆಯುವುದಿಲ್ಲ. ಸುಡುತ್ತಾರೆ. ಬೂದಿಯನ್ನು ಸುರೆಯಲ್ಲಿ ಬೆರೆಸಿ ಶುಕ್ರರಿಗೇ ಕುಡಿಸುತ್ತಾರೆ. ಭಾಗವತರ ದನಿ ಇಳಿದಿದೆ. ಪಕ್ಕದ ಹಿರಿಯರು ನಿಮ್ಮ ಕಡೆ ತಿರುಗುತ್ತಾರೆ. “ನಾ ಮೂವತ್ತು ವರ್ಷ ನೋಡೀನಿ. ಆ ಬಿಸಿಗೆ ಬಿದ್ದಿದ್ದು ಯಾವುದೂ ಹಿಂದೆ ಬರಲ್ಲ.” ಮತ್ತೆ ವೇದಿಕೆಗೆ ಕಣ್ಣು ನೆಡುತ್ತಾರೆ, ಬರಲಿ ಎಂದು ಕಾಯುವವರ ಹಾಗೆ.

ಈ ಸಲ ಶುಕ್ರರಿಗೂ ಸಾಕಾಗಿದೆ. ಎಷ್ಟು ಬದುಕಿಸಿದರೂ ಕೊಲ್ಲುತ್ತಾರೆ, ನಾನೇನು ಮಾಡಲಿ, ಅಳಬೇಡ ಎನ್ನುತ್ತಾರೆ. ದೇವಯಾನಿ ಅಳುವುದನ್ನು ನಿಲ್ಲಿಸುತ್ತಾಳೆ. ಕರವಸ್ತ್ರ ಮೇಜಿನ ಮೇಲಿದೆ. “ಹಾಗಾದರೆ ಊಟ ಬಿಡುತ್ತೇನೆ ಅಪ್ಪ. ಅವನು ಹೋದ ದಾರಿಯಲ್ಲೇ ಹೋಗುತ್ತೇನೆ. ನನಗೆ ಅವನೆಂದರೆ ಪ್ರೀತಿ.” ಗಂಡಸಿನ ಕಂಠ, ಮುಪ್ಪಿನ ಕಂಠ, ಆದರೂ ಸಭೆಯಲ್ಲಿ ಕೆಮ್ಮೂ ಕೇಳಿಸದು.

ಶುಕ್ರರು ಕರೆಯುತ್ತಾರೆ. ಉತ್ತರ ಅವರ ಹೊಟ್ಟೆಯಿಂದಲೇ ಬರುತ್ತದೆ.

ಅವನು ಹೊರಬಂದರೆ ತಂದೆ ಸಾಯುತ್ತಾರೆ. ಬಾರದಿದ್ದರೆ ಅವನಿಲ್ಲ. ಯಾರು ಬೇಕು ಹೇಳು ಎಂದಾಗ ಮಗಳಿಗೆ ಇಬ್ಬರೂ ಬೇಕು. ಇಬ್ಬರೂ ಉಳಿಯಬೇಕಾದರೆ ದಾರಿ ಒಂದೇ: ಹೊಟ್ಟೆಯೊಳಗಿನ ಶಿಷ್ಯನಿಗೆ ಸಂಜೀವಿನಿಯನ್ನು ಹೇಳಿಕೊಡಬೇಕು. ದೇವಲೋಕ ಐನೂರು ವರ್ಷ ಕಾದ ಮಂತ್ರವನ್ನು ಕಚ ಕದಿಯಲಿಲ್ಲ, ಕೇಳಲೂ ಇಲ್ಲ, ಅವಳು ಕೊಡಿಸಿದಳು. ಹೇಳಿಕೊಡುವ ಮುನ್ನ ಶುಕ್ರರು ಒಂದು ಮಾತು ಹಾಕುತ್ತಾರೆ. ನೀನು ಕಚನ ರೂಪದ ಇಂದ್ರನಲ್ಲದಿದ್ದರೆ ಈ ವಿದ್ಯೆ ಪಡೆ, ನನ್ನ ಮಗನಾಗಿ ಹುಟ್ಟಿ ಬಾ, ಬಂದು ನನ್ನನ್ನು ಬದುಕಿಸು. ಅಸುರಗುರುವಿನ ಸಂಶಯ ಹೊರಬಿದ್ದದ್ದು ಆ ಒಂದು ಗಳಿಗೆಯಲ್ಲಿ, ನಂಬುವುದು ಬಿಟ್ಟು ಬೇರೆ ದಾರಿಯೇ ಉಳಿಯದಿದ್ದಾಗ.

ಚೆಂಡೆ ಏರುತ್ತದೆ. ಗುರುವಿನ ಬಲಪಕ್ಕ ಸೀಳಿಕೊಂಡು ಕಚ ಎದ್ದು ನಿಂತಿದ್ದಾನೆ.

ಈಗ ಅವನನ್ನು ನೋಡಿ. ಮಂತ್ರ ನಾಲಿಗೆಯ ಮೇಲಿದೆ. ಆ ಮಂತ್ರ ಬಲ್ಲ ಇನ್ನೊಬ್ಬರು ಕಾಲಬುಡದಲ್ಲಿ ಸತ್ತು ಬಿದ್ದಿದ್ದಾರೆ. ಬಾಗಿಲು ತೆರೆದಿದೆ. ಇಂದ್ರನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ: ವಿದ್ಯೆ ದೇವತೆಗಳಿಗೆ, ಅಸುರರಿಗೆ ಇನ್ನು ಗುರುವೂ ಇಲ್ಲ, ಸಂಜೀವಿನಿಯೂ ಇಲ್ಲ. ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಹರೆಯದ ಅರ್ಥಧಾರಿ ಮಾತಾಡುವುದನ್ನು ನಿಲ್ಲಿಸಿ ಎದುರಿನ ದೇವಯಾನಿಯನ್ನು ನೋಡುತ್ತಾರೆ. ಆ ನೋಟಕ್ಕೆ ಪದ್ಯದಲ್ಲಿ ಆಧಾರವಿಲ್ಲ. ತಾಳಮದ್ದಳೆಯ ಹಿರಿಮೆ ಅದೇ. ಪದ್ಯ ಬಿಟ್ಟ ಜಾಗದಲ್ಲಿ ಅರ್ಥಧಾರಿ ನಿಲ್ಲಬಹುದು. ಕಚ ಕೈಮುಗಿದು ಗುರುವನ್ನು ಎಬ್ಬಿಸುತ್ತಾನೆ. ವಿದ್ಯೆ ಕಿವಿಗೆರೆದವರು ತಂದೆಯೂ ಹೌದು, ತಾಯಿಯೂ ಹೌದು, ಅವರಿಗೆ ದ್ರೋಹ ಬಗೆಯಲಾರೆ ಎನ್ನುತ್ತಾನೆ. ಎರಡು ಮನೆಗೂ ನಿಷ್ಠನಾಗಿ ಅವನು ನಿಂತದ್ದು ಇದೊಂದೇ ಗಳಿಗೆ, ಅದೂ ಮೋಸ ಮಾಡಲು ಎಲ್ಲ ಅನುಕೂಲ ಇದ್ದಾಗ.

ಆಮೇಲೂ ಅವನು ಹೋಗುವುದಿಲ್ಲ. ಶುಕ್ರರು ಎಚ್ಚೆತ್ತು, ಸುರೆಯಿಂದ ಕೆಟ್ಟೆನೆಂದು ಬ್ರಾಹ್ಮಣರಿಗೆ ಸುರೆ ಕೂಡದೆಂದು ಶಪಿಸಿ ಸುಮ್ಮನಾದ ಮೇಲೆ, ಕಚ ಸಾವಿರ ವರ್ಷದ ಮಾತನ್ನು ಪೂರ್ತಿ ನಡೆಸುತ್ತಾನೆ. ಗುಟ್ಟು ಸಿಕ್ಕ ರಾತ್ರಿಯೇ ಓಡಬೇಕಾದ ಬೇಹುಗಾರ ಉಳಿದದ್ದು ವ್ರತಕ್ಕೋ, ಅವಳಿಗೋ? ವ್ಯಾಸರು ಹೇಳಿಲ್ಲ. ನಾನು ಕೇಳಿದ ಕಚರಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಇವತ್ತಿನವರು, “ದನ ಕಾಯುವವರು ಬೇಕಿತ್ತಲ್ಲ,” ಎಂದಷ್ಟೇ ಹೇಳಿ ಮುಂದಿನ ಪದ್ಯಕ್ಕೆ ಭಾಗವತರ ಕಡೆ ತಿರುಗುತ್ತಾರೆ. ನನ್ನ ಎದೆಗೆ ನಾಟಿದ್ದು ಈ ಉತ್ತರ.

ಬೀಳ್ಕೊಡುಗೆ. ದೇವಯಾನಿ ದಾರಿಗೆ ಬಂದು ನಿಂತಿದ್ದಾಳೆ. ವ್ರತ ಮುಗಿಯಿತು, ಇನ್ನು ಮಂತ್ರಪೂರ್ವಕ ನನ್ನ ಕೈ ಹಿಡಿ. ಅಸುರರು ನಿನ್ನನ್ನು ಮತ್ತೆ ಮತ್ತೆ ಕೊಂದಾಗಿನಿಂದ ನನಗೆ ನಿನ್ನ ಮೇಲೆಷ್ಟು ಪ್ರೀತಿ, ನೆನೆದುಕೋ. ಅವಳು ತಾನು ಕೊಡಿಸಿದ ವಿದ್ಯೆಯ ಲೆಕ್ಕ ಕೇಳುವುದಿಲ್ಲ, ಇಂದ್ರನ ಹೆಸರೆತ್ತುವುದಿಲ್ಲ.

“ನೀನು ಗುರುಪುತ್ರಿ,” ಎನ್ನುತ್ತಾನೆ ಕಚ. ಅದಕ್ಕೆ ಅವಳ ಬಳಿ ಉತ್ತರವಿದೆ: ನೀನು ನನ್ನಪ್ಪನ ಮಗನಲ್ಲ, ಅವರ ಗುರುವಿನ ವಂಶದವನು. ಎರಡನೆಯ ಮಾತಿಗೆ ಉತ್ತರವಿಲ್ಲ. “ನೀನು ಎಲ್ಲಿ ವಾಸವಿದ್ದೆಯೋ ಆ ಹೊಟ್ಟೆಯಲ್ಲಿ ನಾನೂ ಇದ್ದು ಬಂದೆ. ನೀನು ನನಗೆ ತಂಗಿ.”

ಆ ಹೊಟ್ಟೆಯಿಂದ ಅವನನ್ನು ಬೇಡಿ ಹೊರತೆಗೆಸಿದವಳು ಅವಳೇ. ಅವನನ್ನು ಉಳಿಸಿಕೊಳ್ಳಲು ತೆರೆದ ಒಂದೇ ದಾರಿ ಅವನನ್ನು ಅಣ್ಣನಾಗಿಸಿತು. ಕೆಲವು ಕಚರು ಇದನ್ನು ನುಣುಚಿಕೊಳ್ಳುವ ನೆಪವಾಗಿ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಹಾಗೆ ಹೇಳಿದರೆ ಕತೆ ಸಣ್ಣದಾಗುತ್ತದೆ. ಇವತ್ತಿನವರ ದನಿ ನಡುಗಿತು, ಅದು ಸರಿ.

ಇನ್ನು ಶಾಪ. ನೀನು ಕಲಿತ ವಿದ್ಯೆ ನಿನಗೆ ಫಲಿಸದಿರಲಿ. ಹಿರಿಯರು ನಿಮ್ಮ ಮೊಣಕೈ ಹಿಡಿದು, “ಈಗ ನೋಡಿ, ಈಗ,” ಎನ್ನುತ್ತಾರೆ. ವಿದ್ಯೆಯೇ ಅಳಿಯಲಿ, ದೇವತೆಗಳಿಗೆ ದಕ್ಕದಿರಲಿ ಎಂದಿದ್ದರೆ ಅಸುರಕುಲಕ್ಕೆ ಅವಳಿಂದ ಉಪಕಾರವಾಗುತ್ತಿತ್ತು. ಅವಳು ಹಾಗೆನ್ನಲಿಲ್ಲ, ಆ ಕೈಯೊಂದಕ್ಕೆ ಮಾತ್ರ ಬೇಲಿ ಹಾಕಿದಳು. ಕಚನೂ ಅದನ್ನು ಒಪ್ಪುತ್ತಾನೆ: ನನಗೆ ಫಲಿಸದಿದ್ದರೆ ಬೇಡ, ನಾನು ಕಲಿಸಿದವರಿಗೆ ಫಲಿಸುತ್ತದೆ. ಮೂರು ಸಲ ಸತ್ತು ತಂದದ್ದನ್ನು ಅವನು ಬೇರೆಯವರ ಕೈಗೆ ಕೊಡಬಹುದು, ತಾನು ಮಾತ್ರ ಯಾರನ್ನೂ ಬದುಕಿಸಲಾರ. ಆಮೇಲೆ ಅವನ ತಿರುಗುಶಾಪ: ಋಷಿಪುತ್ರರಾರೂ ನಿನ್ನ ಕೈ ಹಿಡಿಯದಿರಲಿ.

ಮಂಗಳ ಹಾಡುತ್ತಾರೆ. ಸಭಾಭವನದ ಹೊರಗೆ ಮಳೆ ಹನಿಗಟ್ಟಿದೆ, ಬಿ.ಎಚ್. ರಸ್ತೆಯಲ್ಲಿ ಲಾರಿಗಳು ನೀರು ಚಿಮ್ಮಿಸಿಕೊಂಡು ಹೋಗುತ್ತಿವೆ. ಕೊನೆಯ ಬಸ್ಸು ಹೋಗಿರಬಹುದೆಂದು ಹಿರಿಯರು ಬೇಗ ಬೇಗ ನಡೆಯುತ್ತಾರೆ, ನಡೆಯುತ್ತಲೇ ಮುಂದಿನದನ್ನು ಹೇಳುತ್ತಾರೆ. ಪ್ರಸಂಗ ಇಲ್ಲಿಗೆ ನಿಂತರೂ ಆದಿಪರ್ವ ನಿಲ್ಲುವುದಿಲ್ಲ. ಕಚ ಸ್ವರ್ಗಕ್ಕೆ ಹೋದ, ದೇವತೆಗಳು ಸಂಜೀವಿನಿ ಕಲಿತರು, ಇನ್ನು ಹೊರಡು ಎಂದು ಇಂದ್ರನನ್ನು ಹುರಿದುಂಬಿಸಿದರು. ಹೊರಟ ಇಂದ್ರ ಮೊದಲು ಮಾಡಿದ್ದೇನು? ಕಾಡಿನಲ್ಲಿ ಹುಡುಗಿಯರು ನೀರಾಡುತ್ತಿದ್ದರು. ಗಾಳಿಯಾಗಿ ಬಂದು ದಡದ ಮೇಲಿದ್ದ ಅವರ ಬಟ್ಟೆಗಳನ್ನು ಬೆರೆಸಿಬಿಟ್ಟ. ವೃಷಪರ್ವನ ಮಗಳು ಶರ್ಮಿಷ್ಠೆ ತಿಳಿಯದೆ ದೇವಯಾನಿಯ ಸೀರೆ ಉಟ್ಟಳು, ಮಾತಿಗೆ ಮಾತು ಬೆಳೆಯಿತು, ಶರ್ಮಿಷ್ಠೆ ಅವಳನ್ನು ಹಾಳುಬಾವಿಗೆ ನೂಕಿ ಹೋದಳು. ಕಚನ ಗೆಲುವಿನಿಂದ ಹೊರಟ ಗಾಳಿ ನೇರ ಅವಳ ಮೇಲೆಯೇ ಬೀಸಿತು.

ಬೇಟೆಗೆ ಬಂದ ರಾಜ ಯಯಾತಿ ಬಾವಿಗೆ ಇಣುಕಿ, ಬಲಗೈ ಹಿಡಿದು ಅವಳನ್ನು ಮೇಲೆತ್ತಿದ. ಗಿರೀಶ ಕಾರ್ನಾಡರು 1961ರಲ್ಲಿ ನಾಟಕವಾಗಿಸಿದ ಬಾಳು ಅಲ್ಲಿಂದ ಆಚೆಯದು. ಆದರೆ ಭಾಗವತ ಪುರಾಣದ ಒಂಬತ್ತನೆಯ ಸ್ಕಂಧದಲ್ಲಿ ಆ ಬಾವಿಯ ಕಟ್ಟೆಯ ಮೇಲೆ ನಿಂತು ದೇವಯಾನಿ, ಹಿಡಿದ ಕೈ ಬಿಡಬೇಡವೆಂದು ಯಯಾತಿಗೆ ಹೇಳುತ್ತಾಳೆ. ಬ್ರಾಹ್ಮಣನೊಬ್ಬ ನನಗೆ ಗಂಡನಾಗಲಾರ ಎನ್ನುತ್ತಾಳೆ. ಯಾಕೆಂದು ಅವನು ಕೇಳುವ ಮೊದಲೇ, ಬೃಹಸ್ಪತಿಯ ಮಗ ಕಚನ ಶಾಪ ನನಗಿದೆ ಎಂದು ಆ ಹೆಸರನ್ನು ಅವಳೇ ಎತ್ತುತ್ತಾಳೆ.