ಆಟದ ಬಯಲು ಮತ್ತು ಕಾರ್ತಿಕದ ಗರಿಕೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಪಂಡಿತನಾದ ನಾನು ಛಂದಸ್ಸನ್ನೋ ಅಲಂಕಾರವನ್ನೋ ವಚನ ವಾಙ್ಮಯವನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದರೆ ಅದು ಸಹಜವೇ. ಆದರೆ ಇಂತಹ ಸಂಚಿಕೆಗಳ ಪುಟಗಳಲ್ಲಿ ಕಟ್ಟಡಗಳ ಚಿತ್ರಗಳು, ದಾನಿಗಳ ಭಾವಚಿತ್ರಗಳು, ಪರೀಕ್ಷಾ ಫಲಿತಾಂಶದ ಪಟ್ಟಿಗಳು ತಪ್ಪದೆ ಬರುತ್ತವೆ. ಮಕ್ಕಳು ಬಿದ್ದು ಎದ್ದು ಬೆಳೆದ ನೆಲದ ಮಾತು ಬರುವುದು ವಿರಳ. ದೇವದುರ್ಗ, ಮಾನ್ವಿ, ರಾಯಚೂರು ಈ ಮೂರು ಊರುಗಳ ಶಾಲೆಗಳಲ್ಲಿ ಸೇವೆ ಸಲ್ಲಿಸಿದ ನನಗೆ ಆ ನೆಲದ ಋಣವಿದೆ. ಅದನ್ನು ಅಲ್ಪಮಟ್ಟಿಗಾದರೂ ತೀರಿಸುವುದು ಈ ಬರಹದ ಉದ್ದೇಶ.

ಮೊದಲು ಪದವಿಚಾರ. ‘ಮೈದಾನ’ ಎಂಬುದು ಪಾರಸಿ ಮೂಲದ ಶಬ್ದ. ಸುಲ್ತಾನರ ಮತ್ತು ನಿಜಾಮರ ಆಳಿಕೆಯನ್ನು ಕಂಡ ನಮ್ಮ ಸೀಮೆಗೆ ಅದು ಮನೆಮಾತೇ ಆಗಿದೆ. ಅಚ್ಚಗನ್ನಡದಲ್ಲಿ ಅದು ‘ಬಯಲು’. ಶರಣರು ಈ ಬಯಲೆಂಬ ಪದಕ್ಕೆ ಪರವಸ್ತುವಿನ ಅರ್ಥವನ್ನೇ ತುಂಬಿದರು. ಇಂದಿನವರು ಅದೇ ಬಯಲನ್ನು ‘ಖಾಲಿ ಜಾಗ’ ಎನ್ನುತ್ತಾರೆ. ಖಾಲಿ ಎಂದೊಡನೆ ಅದನ್ನು ತುಂಬಬೇಕೆಂಬ ಆಸೆ ಹುಟ್ಟುತ್ತದೆ. ಬಯಲು ಎಂದಾಗ ಕಾಪಾಡಬೇಕೆಂಬ ಭಾವ ಮೂಡುತ್ತದೆ. ಇನ್ನು ‘ಹುಲ್ಲು’: ಹಳಗನ್ನಡದ ‘ಪುಲ್’ ಎಂಬುದೇ ಪಕಾರಕ್ಕೆ ಹಕಾರ ಬಂದು ಈ ರೂಪ ತಾಳಿತು. ಆ ಹುಲ್ಲುಗಳಲ್ಲಿ ನಮ್ಮ ಆಟದ ಬಯಲಿಗೆ ಒಡತಿ ಗರಿಕೆ. ಸಂಸ್ಕೃತದಲ್ಲಿ ದೂರ್ವಾ, ನಮ್ಮ ನೆರೆಯ ತೆಲುಗಿನಲ್ಲಿ ಗರಿಕ. ಪೂಜೆಗೆ ಏರುವ ಈ ಹುಲ್ಲೇ ಮಕ್ಕಳ ಪಾದದ ಕೆಳಗೂ ಇರುತ್ತದೆ. ನೆಲದ ಮೇಲೆ ಬಳ್ಳಿಯಾಗಿ ಹರಿದು, ಗೆಣ್ಣುಗೆಣ್ಣಿಗೆ ಬೇರಿಳಿಸಿ, ನೆಲದ ಕೆಳಗೂ ಕಾಂಡವನ್ನು ಚಾಚುವ ಗುಣವುಳ್ಳದ್ದರಿಂದ ಮೇಲೆ ತುಳಿದರೂ ಇದು ಒಳಗೆ ಬದುಕಿರುತ್ತದೆ. ನೆರಳನ್ನು ಮಾತ್ರ ಸಹಿಸದು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಮ್ಮ ಈ ದೋಆಬ ಪ್ರದೇಶದ ಮಣ್ಣು ಏಕರೂಪದ್ದಲ್ಲ. ದೇವದುರ್ಗದ ಕಡೆ ಗುಡ್ಡಬಂಡೆಗಳ ಸೆರಗಿನಲ್ಲಿ ಗರಸು ಬೆರೆತ ಕೆಂಪು ನೆಲ ಹೆಚ್ಚು. ಅಲ್ಲಿ ಮಳೆ ನಿಂತ ಗಳಿಗೆಯಲ್ಲೇ ನೀರು ಇಂಗಿ, ಮಕ್ಕಳು ಮರುದಿನವೇ ಆಡಬಹುದು. ಆದರೆ ದೀಪಾವಳಿ ಕಳೆಯುವಷ್ಟರಲ್ಲಿ ಹುಲ್ಲು ಕಂದುತ್ತದೆ. ಮಾನ್ವಿಯ ಕಡೆ ಎರೆ ಭೂಮಿ. ಮಳೆ ಬಂದರೆ ವಾರಗಟ್ಟಲೆ ಕಾಲಿಡಲಾಗದು; ಮಳೆ ಹೋದರೆ ಅದೇ ನೆಲ ಕಲ್ಲಾಗಿ, ಬಿರುಕು ಬಿಟ್ಟು, ಅಂಗೈ ತೂರುವಷ್ಟು ಬಾಯಿ ತೆರೆಯುತ್ತದೆ. ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವ ಜೇಡಿಯ ಸ್ವಭಾವವೇ ಇದಕ್ಕೆ ಕಾರಣ. ರಾಯಚೂರು ನಗರದಲ್ಲಿ ಮಣ್ಣಿನ ಗುಣಕ್ಕಿಂತ ಜನದಟ್ಟಣೆಯೇ ಹುಲ್ಲಿನ ಶತ್ರು.

ಈ ನೆಲದ ಆಗುಹೋಗು ನಿರ್ಧಾರವಾಗುವುದು ಶರದೃತುವಿನ ಕೊನೆಯಲ್ಲಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600ರಿಂದ 700 ಮಿಲಿಮೀಟರು. ಅದರಲ್ಲಿ ಸೆಪ್ಟೆಂಬರಿನದೇ ದೊಡ್ಡ ಪಾಲು. ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿಯುತ್ತದೆ. ಚಿತ್ತೆಯ ಮಳೆ ಬಂದರೂ ಬರಬಹುದು. ಸ್ವಾತಿ, ವಿಶಾಖೆಗಳನ್ನು ನೆಚ್ಚುವಂತಿಲ್ಲ. ಗರಿಕೆಯು ಬಿಸಿಲಿನ ಹುಲ್ಲು. ಹಗಲಿನ ಶಾಖ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹುಲುಸಾಗಿ ಹಬ್ಬುವ ಇದು ಇರುಳು ತಣ್ಣಗಾದಂತೆ ಮಂದಗತಿಗೆ ಇಳಿಯುತ್ತದೆ. 15 ಡಿಗ್ರಿಯ ಕೆಳಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ನಮ್ಮಲ್ಲಿ ಚಳಿ ಅಷ್ಟು ಕಠಿನವಲ್ಲವಾದರೂ, ತಂಪು ಮತ್ತು ಒಣಗು ಎರಡೂ ಕೂಡಿ ಬರುವುದರಿಂದ ಪರಿಣಾಮ ಅದೇ. ಆದುದರಿಂದ ಮಾರ್ಗಶಿರದಲ್ಲಿ ಸವೆದ ಹುಲ್ಲು ಜೂನ್ ತಿಂಗಳ ಮೃಗಶಿರಾ ಮಳೆಯವರೆಗೆ ಮರಳಿ ಬಾರದು. ನೆಲದಲ್ಲಿ ಇನ್ನೂ ಹಸಿಯಿದ್ದು, ಬಿಸಿಲಿನಲ್ಲಿ ಇನ್ನೂ ಕಸುವಿರುವ ಕಾಲ ಕಾರ್ತಿಕವೊಂದೇ. ಆ ನಾಲ್ಕು ವಾರಗಳಲ್ಲಿ ಮಾಡಿದ ಆರೈಕೆ ಮುಂದಿನ ಏಳು ತಿಂಗಳ ಬುತ್ತಿ.

ಈ ವಿವೇಕವನ್ನು ನಾನು ಪುಸ್ತಕದಿಂದ ಪಡೆದವನಲ್ಲ. ಮಾನ್ವಿಯಲ್ಲಿದ್ದಾಗ ಶಾಲೆಯ ಬಯಲನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಅಕ್ಷರ ಬಲ್ಲವರಲ್ಲ, ಹೊಲದ ಕಸುಬಿನಲ್ಲಿ ಪಳಗಿದವರು. ದಸರೆಯ ರಜೆ ಮುಗಿಯುತ್ತಲೇ ಅವರು ನೀರಿನ ಕೊಳವೆ ಹಿಡಿದು ನಿಲ್ಲುತ್ತಿದ್ದರು. ನೆಲ ಇನ್ನೂ ಹಸಿರಾಗಿಯೇ ಇರುವಾಗ ನೀರೇಕೆಂದು ಕೇಳಿದರೆ ಅವರು ಹೇಳಿದ್ದು ಹೀಗೆ: “ನೋಡ್ರಿ ಪಂಡಿತರ, ಈ ಎರಿ ನೆಲ ಬಾಯಿ ತೆರಿಯೂದಕ್ಕ ಮುಂಚೆನ ನೀರು ಕುಡಿಸಬೇಕ್ರಿ. ಬಾಯಿ ತೆರದ ಮ್ಯಾಲ ಎಷ್ಟು ಹಾಕಿದ್ರೂ ಪಾತಾಳಕ್ಕ ಹೋಗ್ತೈತ್ರಿ.” ಬಿರುಕು ಬಿಟ್ಟ ಎರೆ ನೆಲದಲ್ಲಿ ನೀರು ಬೇರಿಗೆ ದಕ್ಕದೆ ಸಂದಿನಲ್ಲಿ ಇಳಿದುಹೋಗುತ್ತದೆಂಬ ಶಾಸ್ತ್ರವನ್ನು ಇದಕ್ಕಿಂತ ಚಿಕ್ಕ ಮಾತಿನಲ್ಲಿ ಹೇಳಲು ಸಾಧ್ಯವೇ? ಸೂತ್ರಪ್ರಾಯವಾದ ಮಾತೆಂದರೆ ಇದೇ.

ಬಿರುಕೆಂಬುದು ನೋಟದ ಮಾತಷ್ಟೇ ಅಲ್ಲ. ಆ ವರ್ಷಗಳಲ್ಲೇ ಒಂದು ಜನವರಿಯಲ್ಲಿ, ಬೇರೊಂದು ಶಾಲೆಯ ಬಯಲಿನಲ್ಲಿ ಖೋ ಖೋ ಪಂದ್ಯವಿತ್ತು. ನಮ್ಮ ತಂಡದ ಹುಡುಗಿಯೊಬ್ಬಳು, ನನ್ನ ತರಗತಿಯ ವಿದ್ಯಾರ್ಥಿನಿಯೇ, ಓಡುತ್ತ ತಿರುಗಿದಾಗ ಅವಳ ಕಾಲು ಒಣಹುಲ್ಲು ಮುಚ್ಚಿದ್ದ ಬಿರುಕಿನಲ್ಲಿ ಸಿಕ್ಕಿತು. ಹಿಮ್ಮಡಿಯ ಮೇಲಿನ ಎಲುಬು ಮುರಿಯಿತು. ಎಲುಬು ಕೂಡಿತು, ಆದರೆ ಆ ಮಗು ಮತ್ತೆ ಅಂಕಣಕ್ಕಿಳಿಯಲಿಲ್ಲ. ಮನೆಯವರು ಬಿಡಲಿಲ್ಲ. ಹೆಣ್ಣುಮಗಳೊಬ್ಬಳು ಬಯಲಿಗೆ ಬರುವುದೇ ದೊಡ್ಡ ಮಾತಾಗಿರುವ ಕಡೆ, ನೆಲವೇ ಅವಳನ್ನು ಹಿಂದಕ್ಕೆ ಅಟ್ಟಿದರೆ ನಾವು ಪಾಠದಲ್ಲಿ ಹೇಳುವ ಸಮಾನತೆಗೆ ಬೆಲೆಯೇನು? ಹುಲ್ಲಿನ ವಿಷಯ ನನಗೆ ಅಲಂಕಾರದ ವಿಷಯವಾಗದಿರುವುದು ಆ ದಿನದಿಂದ.

ಇನ್ನು ಕಾರ್ತಿಕದ ಕೆಲಸಗಳು. ಮೊದಲನೆಯದು ನೆಲದ ಹದವನ್ನು ಅರಿಯುವುದು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಕೈಬಿಟ್ಟರೆ ಉಂಡೆ ಒಡೆದು ಹುಡಿಯಾಗಬೇಕು. ಚಪ್ಪಟೆಯಾದರೆ ಹಸಿ ಹೆಚ್ಚು, ಉಂಡೆಯೇ ಕಟ್ಟದಿದ್ದರೆ ಹೊತ್ತು ಮೀರಿದೆ. ಆ ಹದದಲ್ಲಿ ಹಾರೆಯಿಂದ ಗೇಣಿಗೊಂದರಂತೆ ನಾಲ್ಕು ಬೆರಳಿನಾಳದ ರಂಧ್ರಗಳನ್ನು ಚುಚ್ಚಬೇಕು. ಮಕ್ಕಳ ತುಳಿತದಿಂದ ಗಟ್ಟಿಗೊಂಡ ನೆಲಕ್ಕೆ ಇದರಿಂದ ಉಸಿರಾಡಲು ದಾರಿಯಾಗುತ್ತದೆ. ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನೂ ಮರಳನ್ನೂ ಬೆರೆಸಿ ಆ ರಂಧ್ರಗಳು ತುಂಬುವಂತೆ ಎಳೆಯಬೇಕು. ಈ ಕಾಲಕ್ಕೆ ಯೂರಿಯಾ ಚೆಲ್ಲುವುದು ತರವಲ್ಲ. ಅದರಿಂದ ಎಳೆ ಚಿಗುರು ಹೊಮ್ಮಿ, ನೀರು ಕಡಿಮೆಯಾಗುತ್ತಲೇ ಸೊರಗುತ್ತದೆ. ಒಲೆಯ ಬೂದಿಯನ್ನು ಹರಡುವ ವಾಡಿಕೆ ಕೆಲವೆಡೆ ಉಂಟು. ಮೊದಲೇ ಕ್ಷಾರಗುಣವುಳ್ಳ ನಮ್ಮ ಎರೆ ಮಣ್ಣಿಗೆ ಅದು ಹಿತವಲ್ಲ. ಕಾಲುವೆ ನೀರಿನ ಅತಿಬಳಕೆಯಿಂದ ಸವಳಾದ ನೆಲಗಳನ್ನು ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ.

ಎರಡನೆಯದು ಕೊಯ್ಲು. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಲಾಗದು. ಚಳಿಗಾಲಕ್ಕೆ ಹೋಗುವಾಗ ಎರಡು ಅಂಗುಲದಷ್ಟು ಹುಲ್ಲು ಉಳಿದಿದ್ದರೆ ಅದು ನೆಲಕ್ಕೆ ಹೊದಿಕೆಯಾಗಿ ಹಸಿಯನ್ನು ಕಾಯುತ್ತದೆ. ಮೂರನೆಯದು ಕಳೆ. ಬರಿಗಾಲಲ್ಲಿ ಆಡುವ ಮಕ್ಕಳಿಗೆ ನೆಗ್ಗಿಲು ಮುಳ್ಳಿಗಿಂತ ದೊಡ್ಡ ವೈರಿಯಿಲ್ಲ. ಮಳೆಯ ಕೊನೆಗೆ ಕಾಯಿ ಕಟ್ಟುವ ಅದನ್ನು ಮುಳ್ಳು ಒಣಗಿ ಉದುರುವ ಮುಂಚೆಯೇ ಬೇರುಸಹಿತ ಕೀಳಬೇಕು. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಾಣಿಸಿಕೊಂಡು ದೇಶವನ್ನೇ ವ್ಯಾಪಿಸಿದ ಪಾರ್ಥೇನಿಯಂ, ಅರ್ಥಾತ್ ನಮ್ಮ ಜನರ ‘ಕಾಂಗ್ರೆಸ್ ಗಿಡ’, ಬಯಲಿನ ಅಂಚಿನಲ್ಲಿ ಹೂ ಬಿಡುವ ಮೊದಲೇ ಹೋಗಬೇಕು. ಅದನ್ನು ಕೀಳಲು ಮಕ್ಕಳನ್ನು ಹಚ್ಚಬಾರದು. ಮೈ ತುರಿಕೆಗೂ ಉಬ್ಬಸಕ್ಕೂ ಅದು ಕಾರಣವಾಗುತ್ತದೆ.

ಕುಡಿಯುವ ನೀರಿಗೇ ಬವಣೆಪಡುವ ಜಿಲ್ಲೆಯಲ್ಲಿ ಹುಲ್ಲಿಗೆ ನೀರೇ ಎಂಬ ಪ್ರಶ್ನೆ ಏಳುವುದು ನ್ಯಾಯವೇ. ಕಾಲುವೆಯ ಕೊನೆಯಂಚಿನಲ್ಲಿರುವ ನಮಗೆ ನೀರಿನ ಬೆಲೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಒಂದು ಹೆಕ್ಟೇರು ಬಯಲಿಗೆ 10 ಮಿಲಿಮೀಟರು ಉಣಿಸಲು ಒಂದು ಲಕ್ಷ ಲೀಟರು ಬೇಕು. ಅದು ನಮ್ಮ ಶಕ್ತಿಗೆ ಮೀರಿದ್ದು, ಅಗತ್ಯವೂ ಅಲ್ಲ. ಕಬಡ್ಡಿ, ಖೋ ಖೋ ಅಂಕಣಗಳ ಸುತ್ತ, ಚೆಂಡಾಟದ ಗೋಲಿನ ಮುಂದೆ, ಓಟದ ಕೊನೆಯ ಗೆರೆಯ ಆಚೆ ಮಕ್ಕಳು ಬೀಳುವ ಜಾಗವನ್ನೆಲ್ಲ ಕೂಡಿಸಿದರೂ 500 ಚದರ ಮೀಟರು ಮೀರದು. ಅದಕ್ಕೆ 5,000 ಲೀಟರು, ಒಂದು ಟ್ಯಾಂಕರು, ಸಾಕು. ದಿನವೂ ಮೇಲೆಮೇಲೆ ಚಿಮುಕಿಸುವುದಕ್ಕಿಂತ ಎಂಟು ಹತ್ತು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ಇಷ್ಟು ನೀರು ಶಾಲೆಯಲ್ಲೇ ಉಂಟು. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮಕ್ಕಳು ಉಂಡು ಕೈ ಮತ್ತು ತಟ್ಟೆ ತೊಳೆದ ನೀರನ್ನು ಒಂದು ತೊಟ್ಟಿಯಲ್ಲಿ ತಂಗಿಸಿ, ಅಗುಳನ್ನು ಸೋಸಿ, ಅದೇ ದಿನ ಬಯಲಿಗೆ ಹರಿಯಬಿಟ್ಟರೆ ದಾಸೋಹದ ಪ್ರಸಾದ ಹುಲ್ಲಿಗೂ ಸಂದಂತಾಯಿತು.

ನೀರಿಗಿಂತಲೂ ದುರ್ಲಭವಾದುದು ವಿಶ್ರಾಂತಿ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ನಿತ್ಯವೂ ಒಂದೇ ಕಡೆ ಸಾಲು ನಿಂತರೆ ಆ ಸಾಲುಗಳೇ ಬೋಳುಗೆರೆಗಳಾಗಿ ಮೂಡುತ್ತವೆ. ಹದಿನೈದು ದಿನಕ್ಕೊಮ್ಮೆ ಹತ್ತು ಹೆಜ್ಜೆ ಸರಿಸಿ ನಿಲ್ಲಿಸಿದರೆ ಗರಿಕೆ ತಾನೇ ಆ ಗಾಯವನ್ನು ಮಾಯಿಸುತ್ತದೆ. 13 ಮೀಟರು ಉದ್ದ, 10 ಮೀಟರು ಅಗಲದ ಕಬಡ್ಡಿ ಅಂಕಣವನ್ನು ಸರಿಸುವುದು ಸುಣ್ಣದ ಪುಡಿಯ ಖರ್ಚಿನ ಮಾತಷ್ಟೇ. ಕಷ್ಟವಿರುವುದು ಬೇರೆಡೆ. ತುಳಸೀವಿವಾಹ ಕಳೆಯುತ್ತಲೇ ಲಗ್ನದ ಮುಹೂರ್ತಗಳು ತೆರೆಯುತ್ತವೆ. ಶಾಲೆಯ ಬಯಲನ್ನು ಕೇಳುವವರು ಬರುತ್ತಾರೆ. ನಾನು ಕಂಡ ಒಂದು ಬಯಲಿನಲ್ಲಿ, ಹೆಸರು ಬೇಡ, ಹಸಿ ಆರದ ನೆಲದ ಮೇಲೆ ಮೂರು ದಿನ ಪೆಂಡಾಲು ನಿಂತು, ಲಾರಿಗಳು ತಿರುಗಿ, ಒಂದು ಮೊಳದ ಗುಂಡಿಗಳು ಬಿದ್ದವು. ಬಾಡಿಗೆ ಸಂದಾಯವಾಯಿತು. ಆ ವರ್ಷದ ವಾರ್ಷಿಕ ಕ್ರೀಡೆಗಳು ರಸ್ತೆಯ ಮೇಲೆ ನಡೆದವು.

ಹುಲ್ಲನ್ನು ಕಾಯುವ ಕಾಯಕವನ್ನು ಲೋಕ ಹೇಗೆ ಗೌರವಿಸುತ್ತದೆಂಬುದನ್ನೂ ನೋಡಬೇಕು. ವಿಂಬಲ್ಡನ್ನಿನಲ್ಲಿ ಟೆನಿಸ್ ಅಂಕಣದ ಹುಲ್ಲನ್ನು ಪಂದ್ಯಾವಳಿಗೆ 8 ಮಿಲಿಮೀಟರಿಗೆ ಕತ್ತರಿಸುತ್ತಾರೆ; ಎರಡು ವಾರಗಳ ಆ ಆಟದ ಹಿಂದೆ ವರ್ಷವಿಡೀ ದುಡಿಯುವ ಕೈಗಳಿವೆ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಮಳೆನೀರನ್ನು ನೆಲದಡಿಯಿಂದ ಹೀರುವ ಯಂತ್ರವ್ಯವಸ್ಥೆಯನ್ನು ಅಳವಡಿಸಿದರು. ಅಂತಹ ವೈಭವ ನಮಗೆ ಬೇಕಿಲ್ಲ. ಆದರೆ 2021ರ ನವೆಂಬರಿನಲ್ಲಿ ಕಾನ್ಪುರದ ಟೆಸ್ಟ್ ಪಂದ್ಯ ಮುಗಿದಾಗ, ಭಾರತ ತಂಡದ ತರಬೇತುದಾರರಾಗಿದ್ದ ಕನ್ನಡಿಗ ರಾಹುಲ್ ದ್ರಾವಿಡ್ ಅಂಗಳ ಸಿದ್ಧಪಡಿಸಿದ ಕೆಲಸಗಾರರಿಗೆ ತಮ್ಮ ಕೈಯಿಂದ 35,000 ರೂಪಾಯಿ ಕೊಟ್ಟ ಸಂಗತಿ ಸ್ಮರಣೀಯ. ಪಂದ್ಯವನ್ನು ನಮ್ಮ ತಂಡ ಗೆದ್ದಿರಲಿಲ್ಲ, ಅದು ಸಮನಾಗಿ ಮುಗಿದಿತ್ತು ಎಂಬುದರಿಂದ ಆ ಕಾಣಿಕೆಯ ತೂಕ ಇನ್ನೂ ಹೆಚ್ಚುತ್ತದೆ.

ಈಚೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬಯಲಿಗೆ ಕೃತಕ ಹುಲ್ಲಿನ ಹಾಸು ಹಾಕಿಸುವ ಮಾತನ್ನೂ, ಇನ್ನು ಕೆಲವರು ಅದರ ಒಂದು ಮಗ್ಗುಲಲ್ಲಿ ಕೊಠಡಿಗಳನ್ನು ಕಟ್ಟಿಸುವ ಮಾತನ್ನೂ ಆಡುತ್ತಿದ್ದಾರೆ. ಅವರ ಔದಾರ್ಯಕ್ಕೆ ನನ್ನ ನಮನ. ಆದರೂ ವಯಸ್ಸಿನ ಸಲುಗೆಯಿಂದ ಒಂದು ಮಾತು. ಕಡುಬಿಸಿಲಿನಲ್ಲಿ ಕೃತಕ ಹಾಸಿನ ಮೈ 60 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬರಿಗಾಲಿನ ಮಕ್ಕಳು ಅದರ ಮೇಲೆ ಹೇಗೆ ನಿಂತಾರು? ಹತ್ತು ವರ್ಷಗಳ ಆಸುಪಾಸಿನಲ್ಲಿ ಸವೆದು ಅದು ಕಸವಾಗುತ್ತದೆ. ಗರಿಕೆಯಾದರೋ ಒಂದು ಮಳೆಗೆ ಮರುಹುಟ್ಟು ಪಡೆಯುತ್ತದೆ. ಕೊಠಡಿಯನ್ನು ಮಹಡಿಯ ಮೇಲೆ ಮಹಡಿಯಾಗಿ ಏರಿಸಬಹುದು. ಬಯಲನ್ನು ಒಂದರ ಮೇಲೊಂದು ಏರಿಸಲಾಗದು.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಚಿಕ್ಕದು. ಕಾರ್ತಿಕ ಮಾಸದಲ್ಲಿ ನಾಲ್ಕು ಟ್ಯಾಂಕರು ನೀರು, ಎರಡು ಗಾಡಿ ಜರಡಿ ಹಿಡಿದ ಗೊಬ್ಬರ, ಒಂದು ಗಾಡಿ ಮರಳು, ಬಯಲನ್ನು ನೋಡಿಕೊಳ್ಳುವವರಿಗೆ ವರ್ಷವಿಡೀ ತಪ್ಪದ ಸಂಬಳ, ಇಷ್ಟನ್ನು ನಡೆಸಿಕೊಡಿ. ಇದಕ್ಕೆ ಶಿಲಾಫಲಕ ನೆಡಲು ಬಾರದು. ನೆಟ್ಟರೂ ಮಕ್ಕಳು ಎಡವುತ್ತಾರೆ. ಶಿಕ್ಷಕ ಬಂಧುಗಳಲ್ಲಿ ಕೇಳುವುದು ಇಷ್ಟೇ: ದೀಪಾವಳಿಯ ರಜೆ ಮುಗಿದ ಮೊದಲ ದಿನ ಒಮ್ಮೆ ಪಾದರಕ್ಷೆ ಕಳಚಿ ಬಯಲಿನ ಈ ಅಂಚಿನಿಂದ ಆ ಅಂಚಿಗೆ ನಡೆದು ನೋಡಿ. ನಿಮ್ಮ ಕಾಲಿಗೆ ಎಲ್ಲಿ ನೋವಾಗುವುದೋ ಅಲ್ಲಿಂದ ಕೆಲಸ ಆರಂಭವಾಗಲಿ. ಶ್ರೀಮಠದ ಕೃಪಾಛಾಯೆಯಲ್ಲಿ ಬೆಳೆದ ಈ ವಿದ್ಯಾಸಂಸ್ಥೆಯ ಬಯಲು ಬಯಲಾಗಿಯೇ ಉಳಿದು, ಅದರ ಗರಿಕೆ ವರ್ಷವರ್ಷವೂ ಹಬ್ಬಲಿ.