ಘಟ್ಟದ ದಾರಿಯ ಮೋರಿಗಳು

ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ 'ಮೋರಿ' ಎಂದರೆ ಪಾತ್ರೆ ತೊಳೆಯುವ ಮೂಲೆ. ಊರಿನಲ್ಲಾದರೋ ಅದು ರಸ್ತೆಯಡಿಯಲ್ಲಿ ಹಳ್ಳವನ್ನು ದಾಟಿಸುವ ಕಂಡಿ. ಅದರ ಮಹಿಮೆ ನಮಗೆ ತಿಳಿದುದು ಕಳೆದ ಆಷಾಢದಲ್ಲಿ ಊರಿಗೆ ಹೋದಾಗ.

ಕೊಂಕಣ ರೈಲಿನಲ್ಲಿ ಉಡುಪಿಗೆ ಬಂದಿಳಿದು, ಸೋಮೇಶ್ವರದಿಂದ ಆಗುಂಬೆ ಘಟ್ಟವನ್ನೇರಿದೆವು. ಹದಿನಾಲ್ಕು ತಿರುವುಗಳು, ನೆತ್ತಿಯ ಮೇಲೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕ ಮಳೆ. ಬೆಟ್ಟದಿಂದ ಧುಮುಕುವ ನೀರು ಚರಂಡಿ ಸೇರಿ, ಮೋರಿಯಲ್ಲಿ ನುಸುಳಿ ಕಣಿವೆಗಿಳಿಯುತ್ತದೆ. ಮೋರಿಯ ಬಾಯಿಗೆ ಎಲೆ, ಕೊಂಬೆ ಅಡರಿದ್ದಲ್ಲಿ ಮಾತ್ರ ನೀರು ರಸ್ತೆಯ ಮೇಲೆಯೇ ಹರಿದಿತ್ತು.

ಆಗುಂಬೆಯಾಚೆಯ ನಮ್ಮೂರ ಹಳ್ಳಕ್ಕೆ ಮೊದಲು ಕಲ್ಲುಕಮಾನಿನ ಮೋರಿಯಿತ್ತು. ರಸ್ತೆ ಅಗಲವಾದಾಗ ಅದು ಹೋಗಿ, 600 ಮಿಲಿಮೀಟರು ವ್ಯಾಸದ ಎರಡು ಸಿಮೆಂಟು ಕೊಳವೆಗಳು ಬಂದಿವೆ. ನಾವು ಹೋದಾಗ ಕೊಳವೆಗಳ ಹಿಂದೆ ನೀರು ಕೆರೆಯಂತೆ ನಿಂತು, ದೊಡ್ಡಪ್ಪನ ಸಸಿಮಡಿ ಮುಳುಗಿತ್ತು. ಇನ್ನೊಂದು ಮಗ್ಗುಲಲ್ಲಿ, ಇಕ್ಕಟ್ಟಿನಿಂದ ರಭಸವಾಗಿ ಹೊರಬಿದ್ದ ನೀರು ನೆಲವನ್ನು ಕೊರೆದು ಆಳುದ್ದ ಗುಂಡಿ ಮಾಡಿತ್ತು. ಕೊಳವೆಯ ತುದಿ ಗುಂಡಿಯ ಮೇಲೆ ತೂಗುತ್ತಿತ್ತು; ಹಳ್ಳ ಹತ್ತಿ ಬರುವ ಮೀನುಗಳು ನೆಗೆನೆಗೆದು ಹಿಂದಕ್ಕೇ ಬೀಳುತ್ತಿದ್ದವು.

"ಅಲ್ಲ ಮಾರಾಯ, ಇದನ್ನು ಬರೆದ ಆಫೀಸಿನೋರು ಹಳ್ಳ ನೋಡಿದ್ದು ಬೇಸಿಗೇಲಿ ಇರಬೇಕು" ಎಂದರು ದೊಡ್ಡಪ್ಪ.

ನಾವೂ ಆಫೀಸಿನವರೇ. 'ಕೊಳವೆ, 2' ಎಂದು ಎಷ್ಟು ಕಡತಗಳಲ್ಲಿ ನಕಲು ಮಾಡಿಲ್ಲ! ಅಂದು ರಾತ್ರಿ ಲೆಕ್ಕ ಹಾಕಿದೆವು. ವ್ಯಾಸ ಇಮ್ಮಡಿಯಾದರೆ ಬಾಯಿ ನಾಲ್ಮಡಿಯಾಗುತ್ತದೆ. 1200 ಮಿಲಿಮೀಟರಿನ ಒಂದೇ ಕೊಳವೆಯ ಬಾಯಿಯಲ್ಲಿ ಅರ್ಧದಷ್ಟು ಮಾತ್ರ ಈ ಎರಡಕ್ಕೂ ಸೇರಿ ಇದೆ. ಸಣ್ಣ ಬಾಯಿಗೆ ಕೊಂಬೆ ಸಿಕ್ಕುವುದೂ ಬೇಗ. ಬಾಯಿಯ ಅಂಚು ದುಂಡಗಿದ್ದು, ಇಕ್ಕೆಲದಲ್ಲಿ ರೆಕ್ಕೆಗೋಡೆಗಳಿದ್ದರೆ ನೀರು ಸರಾಗವಾಗಿ ಒಳಹೋಗುತ್ತದೆ. ಹೊರಬೀಳುವಲ್ಲಿ ಕಲ್ಲು ಹಾಸಿದರೆ ನೆಲ ಉಳಿಯುತ್ತದೆ. ಕೊಳವೆಯ ತಳ ಹಳ್ಳದ ತಳಕ್ಕಿಂತ ತುಸು ಕೆಳಗಿದ್ದರೆ ಮೀನೂ ಹತ್ತುತ್ತದೆ. ಇಲ್ಲಿ ಇವು ಯಾವುವೂ ಇರಲಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದಾಗ, ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದ ಮುಂಬಯಿಯ ಬಂಧುಗಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಿರಿದಾದ ದಾರಿಯಲ್ಲಿ ಹಿಡಿಸದ ನೀರು ನಮ್ಮ ದಾರಿಗೇ ಬರುತ್ತದೆ.

ಊರಿಂದ ಮರಳಿದ ಮೇಲೆ ಅಂಥದೊಂದು ಕಡತ ನಮ್ಮ ಮೇಜಿಗೆ ಬಂತು. 'ಮಳೆಗಾಲದಲ್ಲಿ ಸ್ಥಳ ನೋಡಿದೆಯೇ?' ಎಂದು ಬರೆದು ಒಂದು ಚೀಟಿ ಅಂಟಿಸಿದೆವು. ಮೇಲಿನವರು ನಕ್ಕರು. ಚೀಟಿಯನ್ನೇನೋ ಕಿತ್ತಿಲ್ಲ.